ಹಾಜರಿ ಕೂಗುವ ಹೊತ್ತು



ಉಗ್ಗಿನ ಬಗ್ಗೆ ಮಾತಾಡಲು ಭಾಗಮಂಡಲದಲ್ಲಿ ಇಷ್ಟು ಜನ ಸೇರಿರುವುದೇ ನನಗೆ ದೊಡ್ಡ ಸಮಾಧಾನ. ಈ ಊರಿನ ಮಗು ಮನೆಯಲ್ಲಿ ಅರೆಭಾಷೆಯನ್ನೋ ಕೊಡವ ತಕ್ಕನ್ನೋ ಆಡುತ್ತದೆ, ಅಂಗಡಿ ಬೀದಿಯಲ್ಲಿ ತುಳು, ಮಲಯಾಳ ಕೇಳುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ. ಮಾತು ತಡವರಿಸಿದರೆ ಮನೆಯವರ ಅನುಮಾನ ಮೊದಲು ಹೋಗುವುದು ಈ ಭಾಷೆಗಳ ಮೇಲೆ. ಆದರೆ ಹಲವು ಭಾಷೆ ಆಡುವುದರಿಂದ ಉಗ್ಗು ಬರುತ್ತದೆ ಎನ್ನಲು ಆಧಾರವಿಲ್ಲ. ಆ ಹೆದರಿಕೆಯಿಂದ ಮಗುವಿಗೆ ಮನೆಮಾತು ತಪ್ಪಿಸಬೇಡಿ. ಬಜೆ ತೇಯ್ದು ನೆಕ್ಕಿಸಿ ನಾಲಿಗೆ ತಿದ್ದುವ ಪ್ರಯತ್ನವೂ ಬೇಡ. ತೊಡಕಿರುವುದು ನಾಲಿಗೆಯಲ್ಲಲ್ಲ.

ಹಾಗಾದರೆ ಎಲ್ಲಿದೆ? ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆಯನ್ನು ಒಂದಕ್ಷರವೂ ಎಡವದೆ ಹಾಡಿದ ಹುಡುಗ, ಕಾಲು ಗಂಟೆ ಕಳೆದು ಹಾಜರಿ ಕೂಗಿದಾಗ ತನ್ನ ಹೆಸರು ಹೇಳಲಾಗದೆ ನಿಲ್ಲುತ್ತಾನೆ. ನಾಟಕ ಮಾಡುತ್ತಾನೆ ಎಂದುಕೊಳ್ಳುವವರು ಇದ್ದಾರೆ. ನಾಟಕವಲ್ಲ, ಮೆದುಳು ಕೆಲಸ ಮಾಡುವ ಬಗೆಯೇ ಹಾಗಿದೆ. ಒಂದು ಧ್ವನಿ ಮುಗಿದ ಕೂಡಲೇ ಮುಂದಿನದನ್ನು ಆರಂಭಿಸಲು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಹೊತ್ತಿನ ಸೂಚನೆ ಕೊಡಬೇಕು. ಉಗ್ಗುವವರಲ್ಲಿ ಈ ಜಾಲದ ಕೆಲಸವೂ, ಎಡ ಮೆದುಳಿನಲ್ಲಿ ಕೇಳುವ ಭಾಗವನ್ನು ಮಾತಿನ ಚಲನೆಯ ಭಾಗಕ್ಕೆ ಜೋಡಿಸುವ ನರತಂತುಗಳೂ ತುಸು ಬೇರೆಯಾಗಿರುವುದನ್ನು ಸ್ಕ್ಯಾನ್‌ಗಳು ತೋರಿಸಿವೆ. ಹಾಡಿನಲ್ಲಿ ತಾಳವಿದೆ, ಜೊತೆಯವರ ದನಿಯಿದೆ. ಒಳಗೆ ಸಿಗದ ಆ ಸೂಚನೆ ಹೊರಗಿನಿಂದ ಸಿಗುತ್ತದೆ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ.

ಉಗ್ಗು ಮನೆತನದಲ್ಲಿ ಹರಿದು ಬರುವುದೂ ಉಂಟು. ಪಾಕಿಸ್ತಾನದ ಕುಟುಂಬಗಳಲ್ಲಿ ಆರಂಭವಾದ ಅಧ್ಯಯನವೊಂದು ಉಗ್ಗಿಗೆ ನಂಟಿರುವ ಮೂರು ವಂಶವಾಹಿಗಳನ್ನು 2010ರಲ್ಲಿ ಪ್ರಕಟಿಸಿತು. ಎಲ್ಲರ ಉಗ್ಗಿಗೂ ಅವೇ ಕಾರಣವಲ್ಲ. ಆದರೂ ಮಗನ ಉಗ್ಗಿಗೆ ತನ್ನ ಸಾಕಣೆಯೇ ಕಾರಣ ಎಂದು ಕಣ್ಣೀರಿಡುವ ತಾಯಿಗೆ ಈ ವಿಷಯ ಯಾರಾದರೂ ತಿಳಿಸಲೇಬೇಕು.

ಮನಸ್ಸಿನ ಪಾಲು ಬರುವುದು ಇದರ ನಂತರ, ಮತ್ತು ಅದು ಸಣ್ಣದಲ್ಲ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಅನಾಥಾಲಯದ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಸರಾಗವಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ ‘ನಿನ್ನ ಮಾತು ಸರಿಯಿಲ್ಲ’ ಎಂದು ಮತ್ತೆ ಮತ್ತೆ ಹೇಳಲಾಯಿತು. ಅವರು ಉಗ್ಗುವವರಾಗಲಿಲ್ಲ. ಆದರೆ ಅವರಲ್ಲಿ ಕೆಲವರು ಬಾಯಿ ತೆರೆಯಲೇ ಅಂಜತೊಡಗಿದರು. ಪ್ರಯೋಗ ನಡೆಸಿದ ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಹೀಗೆ ನಡೆಸಬಾರದಿದ್ದ ಆ ಪ್ರಯೋಗವನ್ನು ನಾವು ತಿಳಿಯದೆ ಮನೆಮನೆಯಲ್ಲೂ ನಡೆಸುತ್ತೇವೆ. ‘ಉಸಿರು ತಗೊಂಡು ನಿಧಾನ ಹೇಳು ಮಗಾ’ ಎಂಬ ಅಕ್ಕರೆಯ ಮಾತೂ ಮಗುವಿಗೆ ‘ನೀನು ತಪ್ಪುತ್ತಿದ್ದೀಯೆ’ ಎಂದೇ ಕೇಳಿಸಬಹುದು. ಆಮೇಲೆ ಅದು ಕಷ್ಟದ ಪದ ಬಿಟ್ಟು ಸುಲಭದ ಪದ ಹುಡುಕುತ್ತದೆ, ಉತ್ತರ ಗೊತ್ತಿದ್ದೂ ಕೈಯೆತ್ತುವುದಿಲ್ಲ. ತನ್ನ ಹೆಸರಿಗೆ ಮಾತ್ರ ಬದಲಿ ಪದವಿಲ್ಲ. ಹಾಜರಿಯ ಹೊತ್ತು ಅಷ್ಟು ಭಯಂಕರವಾಗುವುದು ಅದಕ್ಕೇ. ಭಯ ಹೆಚ್ಚಿದಷ್ಟೂ ಗಂಟಲು ಬಿಗಿಯುತ್ತದೆ, ಬಿಗಿದಷ್ಟೂ ಮಾತು ಸಿಕ್ಕಿಕೊಳ್ಳುತ್ತದೆ.

ಎರಡರಿಂದ ಐದು ವರ್ಷದೊಳಗೆ ಉಗ್ಗತೊಡಗುವ ಮಕ್ಕಳಲ್ಲಿ ಹೆಚ್ಚಿನವರು ತಾವಾಗಿಯೇ ಸರಿಹೋಗುತ್ತಾರೆ. ಆದರೆ ತಿಂಗಳುಗಳು ಕಳೆದರೂ ಉಗ್ಗು ಉಳಿದಿದ್ದರೆ, ಮನೆತನದಲ್ಲಿ ಉಗ್ಗಿದ್ದರೆ, ಮಾತಾಡುವಾಗ ಮಗು ಕಣ್ಣು ಬಿಗಿಹಿಡಿಯುತ್ತಿದ್ದರೆ ಸುಮ್ಮನೆ ಕಾಯಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮದೇ ರಾಜ್ಯದಲ್ಲಿ ಅಂಥ ಸಂಸ್ಥೆಯಿರುವಾಗ ಹರಕೆ ಹೊತ್ತು ವರ್ಷಗಟ್ಟಲೆ ಕಾಯುವ ಮನೆಗಳಿರುವುದು ನನ್ನನ್ನು ನೋಯಿಸುತ್ತದೆ. ಇಲ್ಲಿನ ದೇವರು ಭಗಂಡೇಶ್ವರನಿಗೆ ಕೈಮುಗಿಯಿರಿ, ಮೈಸೂರಿನ ಬಸ್ಸನ್ನೂ ಹತ್ತಿರಿ.

ಈ ಸಭೆಯ ಮುಂದೆ ಒಂದು ನಿರ್ಣಯ ಇಡುತ್ತಿದ್ದೇನೆ. ಬರುವ ಜೂನ್‌ನಿಂದ ನಮ್ಮ ಶಾಲೆಗಳಲ್ಲಿ ಹಾಜರಿಗೆ ಮಗು ಕೈಯೆತ್ತಿದರೂ ಸಾಕೆಂದಾಗಲಿ. ಬಾಯಿಪಾಠ ಒಪ್ಪಿಸಲು ಒಂಟಿಯಾಗಿ ನಿಲ್ಲಬೇಕೋ, ಗೆಳೆಯನ ಜೊತೆ ಹೇಳಬೇಕೋ ಎಂಬುದನ್ನು ಮಗುವನ್ನೇ ಕೇಳಿ ತೀರ್ಮಾನಿಸೋಣ. ಅದರ ವಾಕ್ಯವನ್ನು ಬೇರೆ ಯಾರೂ ಮುಗಿಸಿಕೊಡುವುದು ಬೇಡ. ಒಪ್ಪಿಗೆಯಿದ್ದವರು ಈಗ ತಿಳಿಸಿ. ಆಕ್ಷೇಪವಿರುವ ಅಧ್ಯಾಪಕರ ಮಾತನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲಿಗೇ ಕೇಳೋಣ.