ಕೆಡವಿದ ಗೋಡೆಯ ಲೆಕ್ಕ
(ಪೀರನವಾಡಿಯಲ್ಲಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಈ ಹೆದ್ದಾರಿಯ ಬದಿಯಲ್ಲಿ ಹಂಚಿನ ಮನೆಗಳು ಇಳಿದು ಕಾಂಕ್ರೀಟಿನ ಮನೆಗಳು ಏಳುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಎದ್ದದ್ದನ್ನು ಹೊಗಳುವವರು ಬಹಳ. ಇಳಿದದ್ದು ಎಲ್ಲಿಗೆ ಹೋಯಿತೆಂದು ಕೇಳುವವರು ಕಡಿಮೆ. ರಾತ್ರಿ ಟ್ರ್ಯಾಕ್ಟರಿನಲ್ಲಿ ತುಂಬಿ ಹಳ್ಳದ ದಂಡೆಗೆ ಸುರಿದು ಬಂದರೆ ಗುತ್ತಿಗೆದಾರನ ಲೆಕ್ಕ ಮುಗಿಯಿತು. ನಮ್ಮ ಲೆಕ್ಕ ಶುರುವಾಗುವುದು ಅಲ್ಲಿಂದಲೇ. 2019ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿಯ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಮಳೆ ವಿಪರೀತವಾಗಿತ್ತು, ನಿಜ. ಆದರೆ ಹೂಳು, ಕಸಗಳಿಂದ ಕಟ್ಟಿಕೊಂಡ ನಾಲೆ ಸಾಧಾರಣ ಮಳೆಯನ್ನೂ ಒಯ್ಯಲಾರದು. ಆಗ ಮುಳುಗುವುದು ತಗ್ಗಿನ ಮನೆ, ತಗ್ಗಿನ ಅಂಗಡಿ, ತಗ್ಗಿನ ಭತ್ತದ ಹೊಲ.

ಎರಡನೆಯ ಮಹಾಯುದ್ಧದ ನಂತರ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಟೈಇಚಿ ಓನೋ ಎಂಬ ಇಂಜಿನಿಯರು ಒಂದು ಪದ್ಧತಿಯನ್ನು ಬೆಳೆಸಿದರು. ಸಾಮಾನು ಬೇಕಾದಾಗ, ಬೇಕಾದಷ್ಟೇ ಬರಬೇಕು, ಪೋಲಾದದ್ದೆಲ್ಲ ಪತ್ತೆಯಾಗಬೇಕು. ಈಗ ಅದನ್ನು ಕಟ್ಟಡದ ಕೆಲಸಕ್ಕೂ ತಂದು 'ಲೀನ್' ಎನ್ನುತ್ತಾರೆ. ಈ ಮಾತು ಕೇಳಿ ಗಿರಣಿಯ ಬಂಧುಗಳು ಹುಬ್ಬುಗಂಟಿಕ್ಕಿದರೆ ತಪ್ಪಿಲ್ಲ. 'ರ‍್ಯಾಷನಲೈಸೇಷನ್' ಎಂಬ ಹೆಸರಿನಲ್ಲಿ ಆಳು ಕಡಿಮೆ ಮಾಡಲು ಹೊರಟಾಗಲೇ 1955ರಲ್ಲಿ ಕಾನ್ಪುರದ ಗಿರಣಿ ಕಾರ್ಮಿಕರು ಎರಡು ತಿಂಗಳಿಗೂ ಮೀರಿ ಮುಷ್ಕರ ಹೂಡಿದ್ದರು. ಆಳನ್ನು ಕತ್ತರಿಸುವ ಲೀನ್ ನಮಗೆ ಬೇಡ. ಸಾಮಾನಿನ ಪೋಲನ್ನು ಕತ್ತರಿಸುವುದಾದರೆ ಬೇಕು.

ಕಬ್ಬಿಣದ ಸಳಿಯನ್ನೇ ನೋಡಿ. ಅದು ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತದೆ. ಒಂದೊಂದರಲ್ಲಿ 5 ಮೀಟರಿನ ಎರಡು ತುಂಡು ಕತ್ತರಿಸಿದರೆ 2 ಮೀಟರ್ ಮೋಟು ಉಳಿಯಿತು. ಇನ್ನೊಂದು ಕಡೆ 7 ಮೀಟರ್ ಬೇಕಿದೆಯೆಂದು ಮೊದಲೇ ಪಟ್ಟಿ ಮಾಡಿದ್ದರೆ 5 ಮತ್ತು 7, ಏನೂ ಉಳಿಯದು. ಇದಕ್ಕೆ ಕಂಪ್ಯೂಟರ್ ಬಂದಿದೆ, ಪೆನ್ಸಿಲ್ಲೂ ಸಾಕು. ನೀರಿನ ಪೈಪು ಎಲ್ಲಿ ಹೋಗಬೇಕೆಂದು ಗಿಲಾವಿಗೆ ಮೊದಲೇ ಗೌಂಡಿಯನ್ನು ಕೂರಿಸಿಕೊಂಡು ಕೇಳಿದರೆ, ಹೊಸ ಗೋಡೆಯನ್ನು ಒಡೆಯುವ ಪ್ರಸಂಗವೇ ಇಲ್ಲ. ಆದರೆ ಗೌಂಡಿಯನ್ನು ಕೇಳುವವರಾರು?

ಇನ್ನು ಕೆಡವುವ ಮಾತು. ಜೆಸಿಬಿ ಒಂದು ದಿನದಲ್ಲಿ ಮನೆಯನ್ನು ರಾಶಿ ಮಾಡುತ್ತದೆ. ಹಂಚು, ಸಾಗವಾನಿ ತೊಲೆ, ಇಟ್ಟಿಗೆ ಎಲ್ಲ ಒಂದೇ ಮಣ್ಣು. ಕೈಯಿಂದ ಬಿಚ್ಚಿದರೆ ಹಂಚು ಹಂಚಾಗಿಯೇ ಇಳಿಯುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಸಿಮೆಂಟಿನದು ಬಹುಮಟ್ಟಿಗೆ ಒಡೆಯುತ್ತದೆ. 1945ರ ನಂತರ ಬಾಂಬಿಗೆ ಉರುಳಿದ ಬರ್ಲಿನ್ನಿನಲ್ಲಿ ಹೆಂಗಸರು ಇಟ್ಟಿಗೆ ಕೆರೆದು ಪೇರಿಸಿಟ್ಟರು. ಆ ಇಟ್ಟಿಗೆ ಮತ್ತೆ ಗೋಡೆಯಾಯಿತು. ಬಿಚ್ಚುವ ಕೆಲಸ ನಾಲ್ಕು ಜನಕ್ಕೆ ನಾಲ್ಕು ದಿನದ ಕೂಲಿ. ಹಳೇ ಸಾಮಾನು ಮಾರುವ ಸಣ್ಣ ವ್ಯಾಪಾರಿಗೂ ದಂಧೆ.

ಬಿಡಿಸಲಾಗದ ಕಾಂಕ್ರೀಟಿಗೆ ಯಂತ್ರವಿದೆ. ಕ್ರಷರ್ ಪುಡಿಮಾಡುತ್ತದೆ, ಅಯಸ್ಕಾಂತ ಕಬ್ಬಿಣ ಎಳೆಯುತ್ತದೆ, ಜರಡಿ ಖಡಿಯನ್ನೂ ಉಸುಕನ್ನೂ ಬೇರ್ಪಡಿಸುತ್ತದೆ. ಇಂಥ ಖಡಿ ಕಳಪೆಯೆಂದು ಮೂಗು ಮುರಿಯುವವರಿಗೆ ಭಾರತೀಯ ಮಾನಕ 383ರ 2016ರ ಪರಿಷ್ಕರಣೆಯೇ ಉತ್ತರ: ಸಳಿಯಿಲ್ಲದ ಕಾಂಕ್ರೀಟಿನಲ್ಲಿ ಶೇಕಡಾ 25, ಸಳಿ ಹಾಕಿದ ಎಂ-25ರವರೆಗಿನ ಕಾಂಕ್ರೀಟಿನಲ್ಲಿ ಶೇಕಡಾ 20ರವರೆಗೆ ಅದಕ್ಕೆ ಒಪ್ಪಿಗೆಯಿದೆ.

ಕಾನೂನಿಗೂ ಕೊರತೆಯಿಲ್ಲ. 2016ರ ಕೇಂದ್ರ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಕಸ ಮಾಡುವವರು ಅದನ್ನು ಬೇರ್ಪಡಿಸಿಡಬೇಕೆಂದವು. 2025ರಲ್ಲಿ ಹೊಸ ನಿಯಮಗಳು ಪ್ರಕಟವಾದವು; ಅವುಗಳ ಮುಖ್ಯ ಹೊಣೆ 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ. ಪೀರನವಾಡಿಯಲ್ಲಿ ಒಂದು ಖೋಲಿ ಕೆಡವುವವನು ಈ ಲೆಕ್ಕಕ್ಕೆ ಬರುವುದಿಲ್ಲ. ಅವನು ತನ್ನ ಎರಡು ಟ್ರ್ಯಾಕ್ಟರ್ ಕಸವನ್ನು ಎಲ್ಲಿ ಹಾಕಬೇಕು? ಜಾಗ ತೋರಿಸದೆ ದಂಡದ ಚೀಟಿ ಹರಿಯುವುದು ನ್ಯಾಯವಲ್ಲ.

ಆದ್ದರಿಂದ ಸ್ಥಳೀಯ ಆಡಳಿತವು ಹಳ್ಳದಿಂದ ದೂರದಲ್ಲಿ ಒಂದು ಸಾರ್ವಜನಿಕ ಅಂಗಳ ಕೊಡಲಿ. ಸಣ್ಣವರಿಂದ ಶುಲ್ಕ ಬೇಡ, ದೊಡ್ಡವರಿಂದ ಟನ್ನಿಗಿಷ್ಟೆಂದು ವಸೂಲಾಗಲಿ. ಅಲ್ಲಿ ಆರಿಸುವವರಿಗೆ ಕನಿಷ್ಠ ಕೂಲಿ ಸಿಗಲಿ. ಕಾಂಕ್ರೀಟಿನ ಧೂಳು ಪುಪ್ಪುಸಕ್ಕೆ ಇಳಿದರೆ ವಾಸಿಯಾಗದ ರೋಗ. ನೀರು ಚಿಮುಕಿಸದೆ, ಮುಖಕ್ಕೆ ಸರಿಯಾದ ಮಾಸ್ಕ್ ಕೊಡದೆ ಕ್ರಷರ್ ಓಡಿಸಬಾರದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತಿದೆ; ಇವರ ಎದೆಯ ತಪಾಸಣೆ ಆ ಹಣದಿಂದಲೇ ನಡೆಯಲಿ. ಅರ್ಜಿ ಇಲ್ಲಿಯೇ ಮೇಜಿನ ಮೇಲಿದೆ. ಗೌಂಡಿಗಳೂ ಬಿಗಾರಿಗಳೂ ಮೊದಲು ಸಹಿ ಹಾಕಬೇಕು, ಅಂಗಡಿಯವರು ಆಮೇಲೆ.