ಸೇತುವೆಯ ಕೆಳಗಿನ ನಿದ್ರೆ



2022ರ ಡಿಸೆಂಬರಿನ ಹಠಾತ್ ಚಳಿಯಲ್ಲಿ ಹ್ಯೂಸ್ಟನ್ನಿನ ವಾ ಡ್ರೈವ್ ಸೇತುವೆಯ ಸಂದುಗಳಿಂದ ಬಾವಲಿಗಳು ಉದುರಿಬಿದ್ದವು. ಚಳಿಗೆ ಈ ಜೀವಿಗಳು ಮೈಯ ಕಾವನ್ನೂ ಎದೆಬಡಿತವನ್ನೂ ತಗ್ಗಿಸಿ, ಕೂಡಿಟ್ಟ ಕೊಬ್ಬನ್ನು ಮಿತವಾಗಿ ಕರಗಿಸುತ್ತ ಜಡನಿದ್ರೆಗೆ ಇಳಿಯುತ್ತವೆ. ಆದರೆ ಅದಕ್ಕೂ ಮಿತಿಯುಂಟು. ಚಳಿ ಅತಿಯಾದರೆ ಹಿಡಿತ ತಪ್ಪುತ್ತದೆ. ಅಲ್ಲೂ ಸಮೀಪದ ಪೇರ್‌ಲ್ಯಾಂಡಿನಲ್ಲೂ ಬಿದ್ದ ಒಂದೂವರೆ ಸಾವಿರಕ್ಕೂ ಹೆಚ್ಚು ಬಾವಲಿಗಳನ್ನು ಹ್ಯೂಸ್ಟನ್ ಹ್ಯೂಮೇನ್ ಸೊಸೈಟಿಯವರು ಎತ್ತಿಕೊಂಡು ಬೆಚ್ಚಗಿಟ್ಟರು. ಬಹುಪಾಲು ಮತ್ತೆ ಹಾರಿದವು.

ಮನುಷ್ಯರಿಗೆ ಜಡನಿದ್ರೆಯ ವರವಿಲ್ಲ. ಕೇಂದ್ರದ ನಿಯಂತ್ರಣ ಬೇಡವೆಂದು ನೆರೆರಾಜ್ಯಗಳಿಂದ ದೂರ ನಿಂತ ಟೆಕ್ಸಾಸಿನ ವಿದ್ಯುತ್ ಜಾಲ 2021ರ ಫೆಬ್ರವರಿಯಲ್ಲಿ ಕುಸಿಯಿತು. ಆ ಚಳಿಗಾಳಿಗೆ, ಸರ್ಕಾರದ ಲೆಕ್ಕದಲ್ಲೇ, 246 ಜನ ಬಲಿಯಾದರು. ಚಳಿಯನ್ನು ನಿದ್ರಿಸಿ ಕಳೆಯಲಾರದ ನಾವು ಎಚ್ಚರವಿದ್ದು ಲೆಕ್ಕ ಕೇಳಬೇಕು, ನೆರೆಮನೆಯ ಬಾಗಿಲನ್ನೂ ತಟ್ಟಬೇಕು.