ಹೊಳೆದಂಡೆಯ ಉದ್ಯಾನವೂ ನಮ್ಮ ಸಂಬಳವೂ

(ವೇರೂಳ್–ನಾಸಿಕ ಪ್ರವಾಸದಿಂದ ಮರಳಿದ ಮೇಲೆ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪ್ರವಾಸದ ವರದಿಯನ್ನು ಒಪ್ಪಿಸಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ವೇರೂಳಿನ ಕೈಲಾಸ ದೇವಾಲಯದ ವರ್ಣನೆಯನ್ನು ನೀವು ನಿರೀಕ್ಷಿಸಿರಬಹುದು. ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ, ಗುಡ್ಡದ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಮಾಡಿದ ಗುಡಿ ಅದು. ನಮ್ಮ ಕನ್ನಡದ ಅರಸನ ಕೆಲಸವೆಂದು ಎಲ್ಲರೂ ಎದೆಯುಬ್ಬಿಸಿ ನಿಂತೆವು. ಉಳಿ ಹಿಡಿದವರ ಹೆಸರು ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ಅದು ನಮಗೇನೂ ಹೊಸದಲ್ಲ ಬಿಡಿ.

ಆದರೆ ಇಂದು ಹೇಳಬೇಕಾದ್ದು 29ನೆಯ ಗುಹೆಯ ಮಗ್ಗುಲಿನ ಮಾತು. ಮಳೆಗಾಲದಲ್ಲಿ ಯೇಳಗಂಗಾ ಎಂಬ ತೊರೆ ಅಲ್ಲಿ ಬಂಡೆಯ ಮೇಲಿಂದ ಧುಮುಕುತ್ತದೆ. ಸೀತೆಯ ನಹಾಣಿ ಎಂದು ಜನರು ಕರೆಯುತ್ತಾರೆ. ಗುಹೆ ಕೊರೆದವರು ಆ ನೀರಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ಕೊರೆದಿದ್ದಾರೆ. ಮರುದಿನ ನಾಸಿಕದಲ್ಲಿ ಗೋದಾವರಿಯ ದಂಡೆಗೆ ಇಳಿದಾಗ ನಮಗೆ ಇದೇ ನೆನಪಾಯಿತು.

ನಾಸಿಕದ ನಗರಪಾಲಿಕೆ ಹೊಳೆಯ ದಂಡೆಯಲ್ಲಿ ಗೋದಾ ಪಾರ್ಕ್ ಎಂಬ ಉದ್ಯಾನ ಮಾಡಿತು. ನಡೆದಾಡುವ ದಾರಿ, ದೀಪ, ಕೂರುವ ಕಟ್ಟೆ, ಎಲ್ಲವೂ ಚೆಲುವಾಗಿಯೇ ಇತ್ತು. 2016ರ ಆಗಸ್ಟಿನಲ್ಲಿ ಗೋದಾವರಿ ಏರಿ ಅದನ್ನು ಹಾಳುಗೆಡವಿತು. 2019ರ ಆಗಸ್ಟಿನಲ್ಲಿ ನೆರೆ ಮತ್ತೆ ಬಂತು. ಬಡವರ ತೆರಿಗೆಯೂ ಸೇರಿದ ಹಣ ಹೀಗೆ ಎಷ್ಟು ಸಲ ಹೊಳೆಗೆ ಹೋಗಬೇಕು?

ರಾಮಕುಂಡದ ಬಳಿ ದುತೋಂಡ್ಯಾ ಮಾರುತಿ, ಎಂದರೆ ಎರಡು ಮುಖದ ಹನುಮಂತ, ನಿಂತಿದ್ದಾನೆ. ನೀರು ಅವನ ಸೊಂಟಕ್ಕೆ ಬಂದಿತೆ, ಎದೆಗೆ ಬಂದಿತೆ ಎಂದು ನೋಡಿ ಊರವರು ನೆರೆಯನ್ನು ಅಳೆಯುತ್ತಾರೆ. 2008ರ ಸೆಪ್ಟೆಂಬರಿನ ನೆರೆಯಲ್ಲಿ ನಾವು ಅದೇ ಪೇಟೆಯ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಹುಡುಗರಾಗಿದ್ದೆವು. ಮಲಗುತ್ತಿದ್ದುದು ಅಡಿಗೆಮನೆಯ ನೆಲದ ಮೇಲೆ. ಗಂಗಾಪುರ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂಬ ಸುದ್ದಿ ಗಲ್ಲೆಯವರೆಗೆ ಬಂದಿತ್ತು, ನಮ್ಮವರೆಗೆ ಬರಲಿಲ್ಲ. ಚಾಪೆ ಒದ್ದೆಯಾದಾಗ ಎದ್ದೆವು. ಟ್ರಂಕು ಹೊತ್ತು ಅಟ್ಟ ಹತ್ತಿದೆವು. ನೀರು ಇಳಿದ ಮೇಲೆ ಕೆಸರು ಬಳಿದವರೂ ನಾವೆ. ಅಂಗಡಿ ಮುಚ್ಚಿದ್ದ ದಿನಗಳ ಸಂಬಳವನ್ನು ಮಾತ್ರ ಮುರಿದುಕೊಂಡರು! ಆ ಮಾಲಿಕರ ಹೆಸರು ಬೇಡ, ಅವರಿಗೂ ನಷ್ಟವಾಗಿತ್ತು. ಆದರೆ ನೆರೆಯ ಲೆಕ್ಕ ಬರೆಯುವವರು ಅಂಗಡಿಯ ಸಾಮಾನು ಬರೆದುಕೊಳ್ಳುತ್ತಾರೆ, ಕೆಲಸದವನ ದಿನಗೂಲಿ ಬರೆದುಕೊಳ್ಳುವುದಿಲ್ಲ.

ಇನ್ನು ಮುಂದೆ ಇದು ಕಡಿಮೆಯಾಗುವುದಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದೆಂದು ವಿಜ್ಞಾನಿಗಳು ಹೇಳುತ್ತಾರೆ. ವಾರದಲ್ಲಿ ಸುರಿಯಬೇಕಾದ ಮಳೆ ಒಂದೇ ದಿನ ಸುರಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿತ್ತು. ಪರೇಲಿನ ಚಾಳುಗಳ ಗಿರಣಿ ಬಂಧುಗಳಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ನೆರೆಯ ಎಲ್ಲೆಗೆ ಸರಕಾರ ಎರಡು ಗೆರೆ ಎಳೆಯುತ್ತದೆ. ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರುವ ನೆರೆಯದು, ಕೆಂಪು ಗೆರೆ 100 ವರ್ಷಕ್ಕೊಮ್ಮೆ ಬರುವುದರದು. ಹಳೆಯ ಮಳೆಯ ಲೆಕ್ಕದ ಮೇಲೆ ಎಳೆದ ಗೆರೆ ಹೊಸ ಮಳೆಗೆ ಸಾಲುವುದೆ?

ಹಾಗಾದರೆ ಉದ್ಯಾನವೇ ಬೇಡವೆ? ಬೇಕು. ಒಂದೇ ಖೋಲಿಯಲ್ಲಿ ಎಂಟು ಮಂದಿ ಇರುವ ನಮಗೆ ಸಂಜೆ ಕೂರಲು ಬೇರೆ ಜಾಗವೆಲ್ಲಿದೆ? ನೀರಿನಲ್ಲಿ ಮುಳುಗಿ ಮತ್ತೆ ಎದ್ದು ಬರುವ ಉದ್ಯಾನ ಬೇಕು. ಹಳೆಯ ಘಾಟಿನ ಕಲ್ಲಿನ ಮೆಟ್ಟಿಲು ಮಾಡುವುದು ಅದನ್ನೇ: ಮುಳುಗುತ್ತದೆ, ಏಳುತ್ತದೆ, ಕೆಸರು ತೊಳೆದರೆ ಸಾಕು. ದಂಡೆಯ ಕೆಳಪಾವಟಿಗೆಯಲ್ಲಿ ಹುಲ್ಲು ಮತ್ತು ಬೇರು ಬಿಡುವ ಗಿಡಗಳಿರಲಿ, ದೀಪದ ಪೆಟ್ಟಿಗೆಗಳು ಮೇಲೆ ಹೋಗಲಿ, ಮಾರುವವರ ಗಾಡಿಗೆ ಚಕ್ರವಿರಲಿ. ಹಾಲೆಂಡಿನ ನೈಮೇಖೆನ್ ಪಟ್ಟಣದಲ್ಲಿ ಹೊಳೆಯ ಏರಿಯನ್ನೇ 350 ಮೀಟರ್ ಹಿಂದಕ್ಕೆ ಸರಿಸಿ, ನೀರಿಗೆ ಇನ್ನೊಂದು ಕಾಲುವೆ ತೋಡಿ, ನಡುವೆ ಉದ್ಯಾನ ಮಾಡಿದ್ದಾರೆ. ಅದಕ್ಕಾಗಿ ಸುಮಾರು 50 ಮನೆಗಳು ಹೋದವು ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಜಾಗ ಬಿಡಿಸುವ ಮಾತು ಬಂದರೆ ಮೊದಲು ಏಳುವುದು ಜೋಪಡಿ, ಕೊನೆಗೂ ಏಳದಿರುವುದು ಬಂಗಲೆ. ಅದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಕಾಂಕ್ರೀಟಿನ ಮೇಲೆ ನಮ್ಮವರಿಗೆ ಭಕ್ತಿ ಬಹಳ. ಕುಂಭಮೇಳದ ಜನಸಂದಣಿಗೆಂದು ಗೋದಾವರಿಯ ಕುಂಡಗಳ ತಳಕ್ಕೂ ಕಾಂಕ್ರೀಟು ಹಾಕಿದರು. ಒಳಗಿನ ಒರತೆ ಮುಚ್ಚಿಹೋಯಿತೆಂದು ಊರಿನ ನಾಗರಿಕರು ಹೈಕೋರ್ಟಿನವರೆಗೆ ಹೋದರು. ಹಾಕಿದ್ದಕ್ಕೂ ಖರ್ಚು, ತೆಗೆಯುವುದಕ್ಕೂ ಖರ್ಚು.

2027ರ ಕುಂಭದ ಮಾತನ್ನೂ ಇಲ್ಲಿಯೇ ಎತ್ತಬೇಕು. ನಾಸಿಕದ ಕುಂಭಸ್ನಾನ ಬರುವುದು ಮಳೆಗಾಲದಲ್ಲಿ. 2015ರಲ್ಲಿ ದೊಡ್ಡ ಸ್ನಾನಗಳು ಆಗಸ್ಟ್ 29, ಸೆಪ್ಟೆಂಬರ್ 13 ಮತ್ತು 18ರಂದು ನಡೆದವು. ಹೊಳೆ ತುಂಬುವ ತಿಂಗಳಲ್ಲೇ ಲಕ್ಷಗಟ್ಟಲೆ ಜನ ದಂಡೆಗೆ ಇಳಿಯುತ್ತಾರೆ. ಅವರಿಗೆ ಚಹಾ ಕೊಡಲು, ಅನ್ನ ಬಡಿಸಲು ನಮ್ಮ ಹುಡುಗರು ಊರುಗಳಿಂದ ಹೋಗುತ್ತಾರೆ. ಅವರು ಎಲ್ಲಿ ಮಲಗುತ್ತಾರೆ?

ಸಂಘದ ಮನವಿಯಲ್ಲಿ ನಾವು ಬರೆದಿರುವುದು ಇಷ್ಟೆ. ಅಣೆಕಟ್ಟಿನ ನೀರು ಬಿಡುವ ಸುದ್ದಿ ಅಡಿಗೆಮನೆಯ ಹುಡುಗನಿಗೂ ಮುಟ್ಟಬೇಕು. ನೀಲಿ ಗೆರೆಯ ಒಳಗೆ ಕೆಲಸದವರನ್ನು ರಾತ್ರಿ ಮಲಗಿಸಬಾರದು. ನೆರೆಯ ದಿನಗಳ ಕೂಲಿಯನ್ನೂ ಪರಿಹಾರದ ಲೆಕ್ಕಕ್ಕೆ ಸೇರಿಸಬೇಕು. ಉದ್ಯಾನದ ನಕ್ಷೆಯನ್ನು ದಂಡೆಯ ದುಡಿಮೆಗಾರರಿಗೂ ಮರಾಠಿಯಲ್ಲಿ ಓದಿ ತಿಳಿಸಬೇಕು. ಮನವಿಯ ಪ್ರತಿ ಖಜಾಂಚಿಗಳ ಮೇಜಿನ ಮೇಲಿದೆ. ಎರಡನೆಯ ಪಾಳಿಗೆ ಹೋಗುವವರು ಮೊದಲು ಬಂದು ಸಹಿ ಹಾಕಿರಿ, ಉಳಿದವರು ಚಹಾ ಆದ ಮೇಲೆ ಬರಬಹುದು. ನಾಸಿಕದಲ್ಲಿ ನೆರೆ ಕಂಡವರು ಯಾರಾದರೂ ಇದ್ದರೆ ಸ್ವಲ್ಪ ನಿಲ್ಲಿರಿ, ನಿಮ್ಮ ಮಾತನ್ನೂ ಬರೆದುಕೊಳ್ಳುತ್ತೇವೆ.